ಕೆಳಗೆ ಬಾರದ ಎಸೆತ

ಮೂಗಯ್ಯನವರು ವಾರವೆಲ್ಲಾ ಹೆಬ್ಬಾಳದ ಕಾರ್ಖಾನೆಯೊಂದರ ಶಿಫ್ಟ್ ಬಸ್ಸು ಓಡಿಸುತ್ತಾರೆ. ಭಾನುವಾರ ಮಾತ್ರ ಕುವೆಂಪುನಗರದ ಮೈದಾನದಲ್ಲಿ ಮುಖಕ್ಕೆ ಕಬ್ಬಿಣದ ಜಾಲರಿ ಕಟ್ಟಿಕೊಂಡು ಮಕ್ಕಳ ಬೇಸ್‌ಬಾಲ್ ಆಟಕ್ಕೆ ಅಂಪೈರಾಗಿ ನಿಲ್ಲುತ್ತಾರೆ. ಅವರಿಗೂ ನಮ್ಮ ಕಾಂಪೌಂಡಿನ ಗಗನಳಿಗೂ ನಡೆದದ್ದನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಅಂಪೈರಿಗೆ ತಲೆ ಕೆಟ್ಟಿತ್ತು ಎನ್ನುವವರು ಇದ್ದಾರೆ, ಹುಡುಗಿಗೆ ಗಾಳಿ ಸೋಕಿತ್ತು ಎನ್ನುವವರೂ ಇದ್ದಾರೆ. ನಾನು ಆ ಮೈದಾನದ ಅಂಚಿನ ಹೊಂಗೆ ಮರದ ಕೆಳಗೆ ಹೂ ಕಟ್ಟುತ್ತಾ ಕೂತಿದ್ದವಳು. ಕೈಗೆ ಕೆಲಸ ಇದ್ದರೆ ಕಿವಿ ಚೆನ್ನಾಗಿ ಕೇಳುತ್ತದೆ. ಕೇಳಿದ್ದನ್ನು ಕೇಳಿದ ಹಾಗೆ ಬರೆಯುತ್ತೇನೆ.

ಮೂಗಯ್ಯ ತಿ. ನರಸೀಪುರದ ಕಡೆಯ ಬೇಸಾಯದ ಮನೆಯವರು. ಎತ್ತರದ ಆಳು, ಮಾತು ಕಡಿಮೆ. ಬೇಸ್‌ಬಾಲ್ ಎನ್ನುವ ಹೆಸರನ್ನೇ ಅವರು ಕೇಳಿದ್ದು ನಡುವಯಸ್ಸು ದಾಟಿದ ಮೇಲೆ. ರಿಟೈರಾದ ಡ್ರಿಲ್ ಮಾಸ್ಟರ್ ದೊರೆಸ್ವಾಮಿಯವರು ಈ ಆಟವನ್ನು ಬಡಾವಣೆಯ ಮಕ್ಕಳಿಗೆ ಹಿಡಿಸಿದವರು. ಒಂದು ಸಲ ಮಕ್ಕಳನ್ನು ಮಂಡ್ಯಕ್ಕೆ ಕರೆದೊಯ್ಯಲು ಮೂಗಯ್ಯನವರ ಬಸ್ಸನ್ನು ಬಾಡಿಗೆಗೆ ಹಿಡಿದಿದ್ದರು. ಅಲ್ಲಿ ಹೋದರೆ ಅಂಪೈರೇ ಬಂದಿಲ್ಲ. ದೊರೆಸ್ವಾಮಿಯವರು ಬಸ್ಸಿನ ನೆರಳಲ್ಲಿ ಕೂತಿದ್ದ ಡ್ರೈವರನ್ನು ಎಬ್ಬಿಸಿದರು.

"ಸುಮ್ನೆ ಹಿಂದೆ ನಿಂತ್ಕೊಳಿ ಮೂಗಯ್ಯ. ಬಿಳಿ ಹಲಗೆ ಮೇಲೆ, ಮಂಡಿಗೂ ಎದೆಗೂ ಮಧ್ಯೆ ಚೆಂಡು ಹೋದ್ರೆ ಸ್ಟ್ರೈಕ್ ಅನ್ನಿ. ಆಚೆ ಈಚೆ ಹೋದ್ರೆ ಬಾಲ್ ಅನ್ನಿ. ಅಷ್ಟೇ."

"ಎರಡೂ ಅಲ್ದೆ ಹೋದ್ರೆ ಸಾರ್?"

"ಎರಡೂ ಅಲ್ದೆ ಎಲ್ಲಿಗ್ರೀ ಹೋಗ್ತದೆ? ಜಾಲರಿ ಹಾಕ್ಕೊಳಿ."

ಅಂದಿನಿಂದ ಅವರೇ ಅಂಪೈರ್. ಆಟದ ಲೆಕ್ಕ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು: ಮೂರು ಸ್ಟ್ರೈಕ್ ಆದರೆ ಬ್ಯಾಟು ಹಿಡಿದವನು ಔಟು, ನಾಲ್ಕು ಬಾಲ್ ಆದರೆ ಅವನು ಪುಕ್ಕಟೆಯಾಗಿ ಮೊದಲನೇ ಬೇಸಿಗೆ ನಡೆದುಕೊಂಡು ಹೋಗುತ್ತಾನೆ. ಯಾವುದು ಎಂದು ಹೇಳುವವರು ಹಿಂದೆ ಬಗ್ಗಿ ನಿಂತ ಅಂಪೈರ್ ಒಬ್ಬರೇ. ಚೆಂಡು ಕ್ಯಾಚರಿನ ಗ್ಲೌಸಿಗೆ ಬಿದ್ದ ಮೇಲೂ ಮೂಗಯ್ಯ ಒಡನೆ ಬಾಯಿ ಬಿಡುತ್ತಿರಲಿಲ್ಲ. ಒಂದು ಉಸಿರಿನಷ್ಟು ಹೊತ್ತು ಸುಮ್ಮನಿರುತ್ತಿದ್ದರು. ನೋಡಿದ್ದನ್ನು ಇನ್ನೊಮ್ಮೆ ಒಳಗೇ ನೋಡಿಕೊಂಡು ಆಮೇಲೆ ಹೇಳುತ್ತಿದ್ದರು. ಮಕ್ಕಳು ಅದನ್ನು ಅಣಕಿಸುತ್ತಿದ್ದವು. "ಸಾರ್ ಗೇರ್ ಚೇಂಜ್ ಮಾಡ್ತಾವ್ರೆ, ತಡಿಯೋ" ಎಂದು.

ಮಕ್ಕಳ ಕೈಯಲ್ಲಿ ಚೆಂಡು ಸಿಕ್ಕರೆ ಎಂಥೆಂಥ ಎಸೆತ ಬರುತ್ತದೆ ಎಂದು ಲೆಕ್ಕವಿಲ್ಲ. ಒಂದು ಸಲ ಎಸೆತ ಹಲಗೆಗೆ ಮುಂಚೆಯೇ ಕಲ್ಲಿಗೆ ಬಡಿದು, ಪುಟಿದು, ಹಲಗೆಯ ನಟ್ಟನಡುವೆ ಹೋಯಿತು. ಎಲ್ಲರೂ ಸ್ಟ್ರೈಕ್ ಎಂದು ಕುಣಿದರು. ಮೂಗಯ್ಯ ಬಾಲ್ ಎಂದರು, ಮೊದಲು ನೆಲ ಮುಟ್ಟಿತಲ್ಲ ಎಂದು. ಇನ್ನೊಂದು ಸಲ ಹಳೆಯ ಚೆಂಡು ಹಾರುತ್ತಿದ್ದಾಗಲೇ ಹೊಲಿಗೆ ಬಿಚ್ಚಿ, ಚರ್ಮ ಒಂದು ಕಡೆ ಬಿದ್ದು, ಒಳಗಿನ ದಾರದುಂಡೆ ಬಾಲ ಬಿಟ್ಟುಕೊಂಡು ಹಲಗೆ ದಾಟಿತು. ಅದಕ್ಕೆ ಸ್ಟ್ರೈಕ್ ಕೊಟ್ಟರು. ಎದುರು ಪಾರ್ಟಿಯವರು ಜಗಳಕ್ಕೆ ಬಂದಾಗ ಕೇಳಿದ್ದು ಒಂದೇ ಮಾತು: "ಅಂಗಿ ಕಳಚಿಬಿದ್ರೆ ಆಳು ಬೇರೆ ಆಗ್ಬುಡ್ತಾನಾ?" ಬೀದಿನಾಯಿ ಎಸೆತವನ್ನು ಮಧ್ಯದಲ್ಲೇ ಬಾಯಲ್ಲಿ ಹಿಡಿದು ಹಲಗೆ ಮೇಲೆಯೇ ಓಡಿದ ದಿನ ಮಾತ್ರ ಅವರು ನಕ್ಕರು. ಇನ್ನೊಮ್ಮೆ ಎಸೆಯಲು ಹೇಳಿ, "ಎಸೆದಿದ್ದು ಹುಡುಗ, ತಂದಿದ್ದು ನಾಯಿ. ಲೆಕ್ಕಕ್ಕಿಲ್ಲ" ಎಂದರು.

ಗಗನಳ ಎಸೆತ ಇವೆಲ್ಲಕ್ಕಿಂತ ಬೇರೆ.

ಗಗನ ಕುಸುಮಳ ಮಗಳು. ಕುಸುಮ, ನಾನು ಒಂದೇ ಕಾಂಪೌಂಡಿನ ಎರಡು ಮನೆಯಲ್ಲಿದ್ದೇವೆ. ನಾನು ಹೂ ಕಟ್ಟುತ್ತೇನೆ, ಕುಸುಮ ಮೊಪೆಡ್ಡಿನಲ್ಲಿ ಬೀದಿ ಬೀದಿ ಮಾರುತ್ತಾಳೆ. ಮಗಳು ಸ್ಕೂಲಿಗೆ ಹೋಗುವ ಮುಂಚೆ ಹಿಂದೆ ಕೂತು ಹೋಗುತ್ತಾಳೆ. ಮಹಡಿಯ ಹೆಂಗಸರು ಹೂವಿಗೆಂದು ಕೆಳಗೆ ಇಳಿದು ಬರುವುದಿಲ್ಲ. ಬಾಲ್ಕನಿಯಲ್ಲಿ ಅಂಗೈ ಚಾಚಿ ನಿಲ್ಲುತ್ತಾರೆ. ಬಾಳೆಲೆಯಲ್ಲಿ ಉಂಡೆ ಮಾಡಿ ಬಾಳೆನಾರಿನಲ್ಲಿ ಬಿಗಿದ ಮಲ್ಲಿಗೆಯನ್ನು ಗಗನ ಬೀದಿಯಿಂದ ಮೇಲಕ್ಕೆ ಎಸೆಯುತ್ತಾಳೆ. ಜೋರಾಗಿ ಎಸೆದರೆ ಮೊಗ್ಗು ನಲುಗುತ್ತದೆ. ಅದಕ್ಕೆ ಅವಳ ಉಂಡೆ ನಿಧಾನವಾಗಿ ಏರಿ, ಬಾಲ್ಕನಿಯ ಮಟ್ಟಕ್ಕೆ ಸರಿಯಾಗಿ ತನ್ನ ಓಟವನ್ನೆಲ್ಲ ಕಳೆದುಕೊಂಡು, ಗಾಳಿಯಲ್ಲಿ ಒಂದು ಚಣ ನಿಲ್ಲುತ್ತದೆ. ಹೆಂಗಸರು ಹಣ್ಣು ಕಿತ್ತ ಹಾಗೆ ಅದನ್ನು ತೆಗೆದುಕೊಳ್ಳುತ್ತಾರೆ. ಅವಳು ಎಸೆದದ್ದು ಕೆಳಗೆ ಬಂದದ್ದೇ ಇಲ್ಲ. ಮೇಲೆ ಯಾರೋ ತೆಗೆದುಕೊಂಡರೆ ಅವಳ ಕೆಲಸ ಮುಗಿಯಿತು.

ಆಟದಲ್ಲೂ ಅವಳಿಗೆ ಅದೊಂದೇ ಎಸೆತ ಬರುವುದು. ಚೆಂಡು ಹೊಂಗೆ ಮರಕ್ಕಿಂತ ಮೇಲೆ ಹೋಗಿ, ನಿಂತು, ಆಮೇಲೆ ಬಾವಿಗೆ ಬಿಟ್ಟ ಕೊಡದ ಹಾಗೆ ನೇರ ಹಲಗೆಯ ಮೇಲಕ್ಕೆ ಇಳಿಯುತ್ತಿತ್ತು. ಅಷ್ಟು ಹೊತ್ತು ಬ್ಯಾಟು ಎತ್ತಿಕೊಂಡು ನಿಂತ ಹುಡುಗರಿಗೆ ತೋಳು ಸೋತು ಹೋಗುತ್ತಿತ್ತು. ಒಂಟಿಕೊಪ್ಪಲಿನ ತಂಡದ ಸಂಜಯ ಎನ್ನುವವನು ಬಾಯಿಬಡುಕ. "ಇದೇನ್ ಬಾಲಾ, ಇಲ್ಲ ಮನಿಯಾರ್ಡರಾ? ಯಾವತ್ತು ಬರ್ತದೆ ಅಂತ ಪೋಸ್ಟಾಫೀಸಲ್ಲಿ ಕೇಳ್ಕೊಂಡ್ ಬರ್ಲಾ?" ಎನ್ನುತ್ತಿದ್ದ.

ಅಷ್ಟು ಎತ್ತರ ಎಸೆಯುವುದು ಸರಿಯೇ ಎಂದು ಒಂಟಿಕೊಪ್ಪಲಿನವರು ಕೇಳಿದರು. ಮೂಗಯ್ಯ ಹೇಳಿದರು, "ಎಷ್ಟು ಮೇಲೆ ಹೋಗ್ಬೇಕು ಅಂತ ರೂಲಲ್ಲಿಲ್ಲ. ಎಲ್ಲಿ ಇಳೀತದೆ ಅನ್ನೋದಷ್ಟೇ ನನ್ ಕೆಲಸ."

ಅದು ಚಳಿ ಮುಗಿದು ಬಿಸಿಲು ಹತ್ತುವ ಕಾಲ. ಕುವೆಂಪುನಗರಕ್ಕೂ ಒಂಟಿಕೊಪ್ಪಲಿಗೂ ಕೊನೆಯ ಆಟ. ಗೆದ್ದವರು ತುಮಕೂರಿನ ಪಂದ್ಯಕ್ಕೆ ಹೋಗಬೇಕು. ಗಗನ ಅದಕ್ಕೆಂದು ಹೊಸ ಬ್ಯಾಗು ತೆಗೆಸಿಕೊಂಡಿದ್ದಳು. ಆಟ ಸಮ ಆದರೂ, ಹಿಂದಿನ ಆಟಗಳಲ್ಲಿ ಹೆಚ್ಚು ಗೆದ್ದಿದ್ದರಿಂದ ಕುವೆಂಪುನಗರದವರೇ ಹೋಗುವುದು ಎಂದು ಗೊತ್ತಾಗಿತ್ತು. ಸಂಜೆಯ ಹೊತ್ತಿಗೆ ಎರಡು ಕಡೆಯೂ ಸಮ. ಕೊನೆಯ ಬ್ಯಾಟು ಸಂಜಯನದು. ಮೂರು ಬೇಸಿನ ಮೇಲೂ ಒಂಟಿಕೊಪ್ಪಲಿನ ಮಕ್ಕಳು. ಎರಡು ಸ್ಟ್ರೈಕ್ ಆಗಿತ್ತು, ಮೂರು ಬಾಲ್ ಆಗಿತ್ತು. ಉಳಿದಿದ್ದು ಒಂದೇ ಎಸೆತ. ಸ್ಟ್ರೈಕ್ ಆದರೆ ಸಂಜಯ ಔಟು, ಆಟ ಸಮ, ಗಗನ ತುಮಕೂರಿಗೆ. ಬಾಲ್ ಆದರೆ ಸಂಜಯ ಬೇಸಿಗೆ ನಡೆಯುತ್ತಾನೆ, ಎಲ್ಲರೂ ಒಂದೊಂದು ಬೇಸು ಮುಂದೆ ಸರಿಯುತ್ತಾರೆ, ಮೂರನೇ ಬೇಸಿನವನು ಬಿಳಿ ಹಲಗೆ ಮುಟ್ಟಿ ಒಂದು ರನ್ನು ತರುತ್ತಾನೆ, ಒಂಟಿಕೊಪ್ಪಲಿಗೆ ಗೆಲುವು.

ಗಾಳಿ ಇರಲಿಲ್ಲ. ಆಕಾಶ ಸುಣ್ಣ ಬಳಿದ ಗೋಡೆಯ ಹಾಗೆ ಬಿಳಿಚಿಕೊಂಡಿತ್ತು. ಗಗನ ಎಸೆದಳು.

ಅವಳ ಎಸೆತದ ಸದ್ದು ನನಗೆ ಬಾಯಿಪಾಠ. ಏರುವಾಗ ಸಣ್ಣ ಸುಯ್ಯಿ. ನಿಂತಾಗ ಏನೂ ಇಲ್ಲ. ಇಳಿಯುವಾಗ ದಪ್ಪಗಾಗುತ್ತಾ ಬರುವ ಸುಯ್ಯಿ. ಕೊನೆಗೆ ಗ್ಲೌಸಿನೊಳಗೆ ಧೊಪ್. ಅಂದು ಏರಿದ ಸದ್ದು ಕೇಳಿಸಿತು. ನಿಂತದ್ದೂ ತಿಳಿಯಿತು. ಹೂವಿನ ದಾರ ಹಾಗೇ ಬೆರಳಲ್ಲಿ ಹಿಡಿದು ಕಾದೆ. ಇಳಿಯುವ ಸದ್ದು ಬರಲಿಲ್ಲ.

ಎಲ್ಲರೂ ತಲೆ ಎತ್ತಿಕೊಂಡಿದ್ದರು. ಸಂಜಯನ ಬ್ಯಾಟು ಮೆಲ್ಲಗೆ ಕೆಳಗಿಳಿಯಿತು.

"ಎಲ್ಲಿ ಹೋಯ್ತೋ?" ಎಂದ.

ಗಲ್ಲಿ ಕ್ರಿಕೆಟ್ಟಿನಲ್ಲಿ ಬೆಳೆದ ಮಕ್ಕಳು. ಚೆಂಡು ಕಳೆಯಿತು ಅಂದರೆ ಆಟ ತಾನಾಗೇ ನಿಂತ ಹಾಗೆ, ಎರಡು ಪಾರ್ಟಿಯವರೂ ಒಟ್ಟಿಗೆ ಹುಡುಕುವುದು ಅವಕ್ಕೆ ಹುಟ್ಟಿನಿಂದ ಬಂದ ಅಭ್ಯಾಸ. ಬೇಸು ಬಿಟ್ಟು, ಗ್ಲೌಸು ಬಿಸಾಡಿ, ಎಲ್ಲವೂ ಚದುರಿದವು. ಚರಂಡಿ ನೋಡಿದವು, ನಿಂತ ಕಾರುಗಳ ಕೆಳಗೆ ಬಗ್ಗಿದವು, ಎದುರು ಮನೆಯ ಟೆರೇಸು ಹತ್ತಿದವು. ದೊಡ್ಡವರೂ ಹೋದರು. ಚೆಂಡು ಎಲ್ಲೂ ಇರಲಿಲ್ಲ.

ಮೂಗಯ್ಯ ಮಾತ್ರ ಹಲಗೆಯ ಹಿಂದೆ ಬಗ್ಗಿಯೇ ಇದ್ದರು. ಮುಂದೆ ಕ್ಯಾಚರಿಲ್ಲ, ಬ್ಯಾಟಿನವನಿಲ್ಲ.

ದೊರೆಸ್ವಾಮಿಯವರು ಬಂದು ಬೆನ್ನು ತಟ್ಟಿದರು. "ಏನಾದ್ರೂ ಒಂದು ಹೇಳ್ರೀ ಮೂಗಯ್ಯ."

"ಬಂದಿಲ್ಲ ಸಾರ್ ಇನ್ನೂ."

"ಬರೋದೇನ್ರೀ ಇನ್ನ? ಕಾಗೆ ಎತ್ಕೊಂಡ್ ಹೋಗಿರ್ಬೇಕು. ಇನ್ನೊಂದು ದಿನ ಆಡ್ಸಾಣ, ಏಳಿ."

"ಅದು ಮೇಲೇ ಅದೆ ಸಾರ್" ಎಂದರು ಮೂಗಯ್ಯ. ದೊರೆಸ್ವಾಮಿಯವರು ಒಂದು ಸಲ ಮೇಲೆ ನೋಡಿ, ಕಣ್ಣು ಇಳಿಸಿಬಿಟ್ಟರು.

ಆಗ ಕ್ಯಾಚರ್ ಹುಡುಗಿ ಸಮನ್ವಿತಾ, ಎಸೆಯುವವರು ನಿಲ್ಲುವ ದಿಬ್ಬದ ಕಡೆಯಿಂದ ಕೂಗಿದಳು. ಗಗನ ಎಸೆದ ಜಾಗದಲ್ಲೇ ನಿಂತಿದ್ದಳು. ಬಲಗೈ ಮುಂದೆ ಚಾಚಿತ್ತು. ಬೆರಳು ಚೆಂಡು ಹಿಡಿದ ಹಾಗೆ ದುಂಡಗೆ ಬಾಗಿದ್ದವು. ನಡುವೆ ಏನೂ ಇರಲಿಲ್ಲ.

"ಬುಡೇ ಗಗನ. ಆಟ ನಿಂತೋಯ್ತು" ಎಂದು ಸಮನ್ವಿತಾ ಅವಳ ಬೆರಳು ಬಿಡಿಸಲು ಹೋದಳು. ಒಂದೂ ಅಲ್ಲಾಡಲಿಲ್ಲ.

"ನಾನ್ ಬುಟ್ಟಿದೀನಿ ಕಣೇ" ಎಂದಳು ಗಗನ. "ಅದೇ ಬುಡ್ತಿಲ್ಲ."

ಅಂದು ಹಾಗೇ ಮನೆಗೆ ಕರೆತಂದೆವು. ಬಿಸಿನೀರು ಹಾಕಿದೆವು, ಎಣ್ಣೆ ತಿಕ್ಕಿದೆವು. ಬೆಳಿಗ್ಗೆ ಕುಸುಮ ಮೂಳೆ ಡಾಕ್ಟರಿಗೆ ತೋರಿಸಿದಳು. ಫೋಟೋ ತೆಗೆದು ನೋಡಿ, ಎಲ್ಲ ಸರಿಯಾಗಿದೆ, ಹೆದರಿಕೆಗೆ ಹೀಗಾಗಿದೆ, ತಾನಾಗೇ ಹೋಗುತ್ತದೆ ಎಂದರಂತೆ. ಹೋಗಲಿಲ್ಲ. ಕೈ ಮಣಿಕಟ್ಟಿನವರೆಗೆ ತಣ್ಣಗಿತ್ತು. ಮಾರನೇ ವಾರಕ್ಕೆ ಆ ತಂಪು ಮೊಣಕೈಗೆ ಏರಿತು. ಅವಳು ನಿದ್ದೆ ಹೋದ ಮೇಲೆ ಆ ಕೈ ಹೊದಿಕೆಯಿಂದ ಹೊರಬಂದು ತಾನಾಗೇ ಮೇಲೇಳುತ್ತದೆ ಎಂದು ಕುಸುಮ ಅತ್ತಳು. ಕೆಳಗೆ ಒತ್ತಿ ಮಲಗಿಸಿದರೆ ನೀರಲ್ಲಿ ಅದುಮಿದ ಬೆಂಡಿನ ಹಾಗೆ ಮತ್ತೆ ಏಳುತ್ತದಂತೆ.

ಒಂದು ಮಧ್ಯಾಹ್ನ ಗಗನ ನನ್ನ ಪಕ್ಕ ಕೂತಿದ್ದಾಗ, ಬಾಗಿದ ಆ ಬೆರಳುಗಳ ನಡುವೆ ನನ್ನ ಬೆರಳು ತೂರಿಸಿ ನೋಡಿದೆ. ಖಾಲಿ ಜಾಗ. ಆದರೆ ನನ್ನ ಬೆರಳ ತುದಿಯನ್ನು ಏನೋ ಸವರಿಕೊಂಡು ಹೋಯಿತು. ಮತ್ತೆ ಸವರಿತು. ಮತ್ತೆ. ದುಂಡಗಿನದು ಏನೋ ಅಲ್ಲಿ ಮೆಲ್ಲಗೆ ಸುತ್ತುತ್ತಿತ್ತು. ಅದರ ಹೊಲಿಗೆ ಕೂಡ ಬೆರಳಿಗೆ ಸಿಕ್ಕಿತು.

"ಗೊತ್ತಾಯ್ತಾ ಅಜ್ಜಿ?" ಎಂದಳು.

"ಗೊತ್ತಾಯ್ತು ಕಣಮ್ಮ."

"ಅಮ್ಮಂಗೆ ಹೇಳ್ಬೇಡಿ. ಎಡಗೈಲಿ ಬರೆಯೋದು ಕಲೀತಾ ಇದೀನಿ. ಹೂವ ಎಸೆಯಕ್ಕೆ ಮಾತ್ರ ಬರ್ತಿಲ್ಲ."

ಕುಸುಮಳಿಗೆ ಬೆರಳು ತೂರಿಸಿ ನೋಡುವ ಅಗತ್ಯ ಇರಲಿಲ್ಲ. ಹೆತ್ತವಳಿಗೆ ಕೈಯ ತಂಪು ಸಾಕಾಗಿತ್ತು. ಅದು ತೋಳು ದಾಟಿ ಹೆಗಲಿಗೆ ಬಂದ ದಿನ ಅವಳು ಬಸ್ಸಿನ ಸ್ಟಾಪಿಗೇ ಹೋಗಿ ಮೂಗಯ್ಯನವರನ್ನು ಕರೆತಂದಳು. ಅವರು ಖಾಕಿ ಅಂಗಿಯಲ್ಲೇ ಬಂದು ಜಗುಲಿಯ ಅಂಚಿನಲ್ಲಿ ಕೂತರು.

"ಹೆಗಲಿಂದ ಕೆಳಗಿಳಿದ್ರೆ ಎದೆ ಕಣಣ್ಣ" ಎಂದಳು ಕುಸುಮ. "ಅವಳು ಒಂದೇ ಮಾತು ಹೇಳ್ತಾಳೆ. ಆ ಎಸೆತ ಮುಗಿದಿಲ್ಲವಂತೆ. ಮುಗೀತು ಅಂತ ಹೇಳೋರು ನೀವೊಬ್ರೇ ಅಂತೆ. ಹೇಳ್ಬುಡಿ. ನಿಮಗೇನು ಹೋಗ್ತದೆ?"

"ನಾನು ನೋಡಿಲ್ಲ ಕಣಮ್ಮ ಅದು ಹಲಗೆ ದಾಟಿದ್ದ."

"ನೋಡಿದೀನಿ ಅಂತ ಸುಳ್ಳೇ ಹೇಳಿ. ನನ್ ಮಗೂಗಿಂತ ನಿಮ್ ರೂಲು ದೊಡ್ಡದಾ?"

ಮೂಗಯ್ಯ ಎದ್ದು ಗಗನಳ ಮುಂದೆ ನಿಂತು, ಅವಳ ಮುಖ ನೋಡದೆ, "ಸ್ಟ್ರೈಕ್" ಎಂದರು.

ಬೆರಳು ಬಿಡಲಿಲ್ಲ. ನಮ್ಮ ಕಣ್ಣೆದುರೇ ಒಳಕ್ಕೆ ಬಿಗಿದುಕೊಂಡವು. ದುಂಡಗಿದ್ದ ಕೈ ಮುಷ್ಟಿಯಾಯಿತು. ಉಗುರು ಅಂಗೈಗೆ ಇಳಿದು ರಕ್ತ ಬಂತು. ಗಗನ ತುಟಿ ಕಚ್ಚಿಕೊಂಡು ಹೇಳಿದಳು, "ನೋಡ್ದೇ ಹೇಳ್ಬೇಡಿ ಸರ್. ನೋಯ್ತದೆ."

ಮೂಗಯ್ಯ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಕುಸುಮ ಬಾಯಿಗೆ ಸೆರಗು ತುಂಬಿಕೊಂಡು ಅಳುತ್ತಿದ್ದಳು, ಮಗಳಿಗೆ ಕೇಳದ ಹಾಗೆ.

ಅದಾದ ಮೇಲೆ ಮೂಗಯ್ಯ ಪ್ರತಿದಿನ ಸಂಜೆ ಶಿಫ್ಟಿಗೆ ಹೋಗುವ ಮುಂಚೆ ಮೈದಾನಕ್ಕೆ ಬರತೊಡಗಿದರು. ಜಾಲರಿ ಕಟ್ಟಿಕೊಂಡು, ಎದೆಗೆ ಪ್ಯಾಡು ಹಾಕಿಕೊಂಡು, ಖಾಲಿ ಹಲಗೆಯ ಹಿಂದೆ ಬಗ್ಗಿ ನಿಲ್ಲುವುದು. ವಾಕಿಂಗಿಗೆ ಬಂದವರು ಮೊದಲು ನಗುತ್ತಿದ್ದರು, ಆಮೇಲೆ ಆ ಕಡೆ ಸುತ್ತು ಹಾಕುವುದನ್ನೇ ಬಿಟ್ಟರು. ನಾನು ಹೂವಿನ ಬುಟ್ಟಿ ಇಟ್ಟುಕೊಂಡು ಮರದ ಕೆಳಗೆ ಕೂರುತ್ತಿದ್ದೆ. ಗೂಡಿಗೆ ಮರಳುವ ಕಾಗೆಗಳ ಸಾಲು ಮೈದಾನದ ಮೇಲೆ ನೇರವಾಗಿ ಬಂದು, ಹಲಗೆಯ ನೆತ್ತಿಗೆ ಬಂದಾಗ ಎರಡಾಗಿ ಸೀಳಿಕೊಂಡು, ಅದನ್ನು ದಾಟಿದ ಮೇಲೆ ಮತ್ತೆ ಒಂದಾಗುತ್ತಿತ್ತು. ಕಂಬವೊಂದು ಅಡ್ಡ ಇದ್ದ ಹಾಗೆ. ದಿನವೂ ಅದೇ ಜಾಗದಲ್ಲಿ.

ವಾಹನಗಳ ಸದ್ದು ಕಡಿಮೆಯಾದಾಗ ಇನ್ನೊಂದು ಕೇಳಿಸುತ್ತಿತ್ತು. ಬಹಳ ಮೇಲಿನಿಂದ, ದೂರದ ಮನೆಯಲ್ಲಿ ಯಾರೋ ಹೊಲಿಗೆ ಮಿಷನ್ ತುಳಿಯುತ್ತಿರುವಂಥ ಸಣ್ಣ ಗುಂಯ್. ನಾನು ತಲೆ ಎತ್ತಿದ್ದನ್ನು ಮೂಗಯ್ಯ ನೋಡಿದರು. ಜಾಲರಿ ಮೇಲೆ ಸರಿಸಿ ಕೇಳಿದರು, "ನಿಮಗೂ ಕೇಳ್ತದಾ ಅಮ್ಮಾ?"

"ಕೇಳ್ತದೆ."

"ಸದ್ಯ" ಎಂದು ಮತ್ತೆ ಬಗ್ಗಿದರು.

ಒಂದು ಸಂಜೆ ಅವರು ಬಗ್ಗಲಿಲ್ಲ. ನೇರ ನನ್ನ ಹತ್ತಿರ ಬಂದು ಜಾಲರಿ ಮಡಿಲಲ್ಲಿ ಇಟ್ಟುಕೊಂಡು ಕೂತರು.

"ನಾನ್ ಅವತ್ತು ಆಟ ನಿಲ್ಸೇ ಇಲ್ಲ" ಎಂದರು. "ಈ ಆಟದಲ್ಲಿ ಅಂಪೈರು 'ಟೈಮ್' ಅಂದ್ರೇನೇ ಆಟ ನಿಲ್ಲೋದು. ನಾನು ಅಂದಿಲ್ಲ. ಚೆಂಡು ಕಳೀತು ಅಂತ ಮಕ್ಕಳೇ ಎದ್ದು ಓಡೋದ್ವು. ಕ್ರಿಕೆಟ್ ಆಡ್ದಂಗೆ."

"ಅದಕ್ಕೆ?"

"ನಾನು ಬಸ್ ಓಡಿಸ್ತೀನಿ. ಸ್ಟಾಪಲ್ಲಿ ಜನ ಇಲ್ಲ ಅಂದ್ರೆ ನಿಲ್ಸಲ್ಲ, ಸುತ್ಕೊಂಡು ಹೋಗ್ತಾ ಇರ್ತೀನಿ. ಆ ಚೆಂಡಾದ್ರೂ ಯಾರಿಗೆ ಅಂತ ಇಳೀತದೆ? ಹಿಡಿಯೋಳಿಲ್ಲ, ಹೊಡೆಯೋನಿಲ್ಲ. ನಾನೊಬ್ನೇ ನಿಂತ್ರೆ ಆಗಲ್ಲ. ಎಲ್ರೂ ಅವರವರ ಜಾಗಕ್ಕೆ ಬರ್ಬೇಕು."

ದೊರೆಸ್ವಾಮಿಯವರಿಗೆ ಇದನ್ನು ಒಪ್ಪಿಸುವುದು ಸುಲಭವಾಗಲಿಲ್ಲ. "ನಮ್ಮ ತಾತ ಅರಮನೆ ಲಾಯದಲ್ಲಿ ಕೆಲಸ ಮಾಡಿದೋರು, ನಾನು ಮಕ್ಕಳಿಗೆ ಕಸರತ್ತು ಕಲಿಸ್ದೋನು. ನಮ್ ಮನೇಲಿ ಈ ಮಾಟ ಮಂತ್ರ ಎಲ್ಲ ನಡೆಯಲ್ಲ ಕಣ್ರೀ" ಎಂದರು. ಮೂಗಯ್ಯ ಅವರನ್ನು ಗಗನಳ ಹತ್ತಿರ ಕರೆತಂದು, ಆ ಕೈ ಮುಟ್ಟಿಸಿದರು. ಮುಟ್ಟಿದ ಮೇಲೆ ದೊರೆಸ್ವಾಮಿಯವರು ಮಕ್ಕಳನ್ನು ಕರೆಯಲು ಒಂಟಿಕೊಪ್ಪಲಿನ ಮನೆಮನೆಗೆ ತಾವೇ ಸ್ಕೂಟರಿನಲ್ಲಿ ಹೋದರು.

ಭಾನುವಾರ ಎಲ್ಲರೂ ಬಂದರು. ಮೂರನೇ ಬೇಸಿನ ಹುಡುಗನಿಗೆ ಜ್ವರ. ಸ್ವೆಟರಿನಲ್ಲೇ ಬಂದು ನಿಂತ. ಸಂಜಯ ಬ್ಯಾಟು ಎಳೆದುಕೊಂಡು ಬಂದವನು ಕೇಳಿದ, "ಬಾಲ್ ಆದ್ರೆ ನಾವೇ ಗೆದ್ದಂಗೆ ತಾನೆ ಸರ್?"

"ಹೂಂ" ಎಂದರು ಮೂಗಯ್ಯ.

"ಬಂದ್ರೆ ಹೊಡೀಬೋದಾ?"

"ಕಂಡ್ರೆ ಹೊಡಿ."

ಸಂಜಯ ಹೋಗಿ ಹಲಗೆಯ ಪಕ್ಕ ನಿಂತ.

ಕುಸುಮ ಮಗಳನ್ನು ದಿಬ್ಬದ ಮೇಲೆ ನಿಲ್ಲಿಸಿ ಬಂದಳು. ದೊರೆಸ್ವಾಮಿಯವರು ಮೂಗಯ್ಯನವರ ಕಿವಿಯ ಹತ್ತಿರ ಬಗ್ಗಿದರು. "ಏನಾದ್ರೂ ಬಂತು ಅಂತ ಅನ್ನಿಸಿದ್ರೆ ಸ್ಟ್ರೈಕ್ ಅಂದು ಮುಗಿಸ್ಬುಡಿ. ಮಗೂಗೂ ಸಮಾಧಾನ, ತುಮಕೂರಿಗೂ ಹೋಗ್ಬೋದು. ನೋಡೋರ್ ಯಾರು?"

ಮೂಗಯ್ಯ ಜಾಲರಿ ಕಟ್ಟಿಕೊಂಡರು. ದಿಬ್ಬದ ಮೇಲಿಂದ ಗಗನ ಕೂಗಿದಳು, "ಅದು ಸ್ಟ್ರೈಕೇ ಸರ್. ನನ್ ಕೈಗೆ ಗೊತ್ತು." ಅವಳ ಮುಖ ಬಿಳಿಚಿಕೊಂಡಿತ್ತು. ಮುಷ್ಟಿಯಾಗಿದ್ದ ಬಲಗೈ ಆಗಲೇ ಕಿವಿಯ ಮಟ್ಟಕ್ಕೆ ಏರಿತ್ತು.

ಸುಳ್ಳು ಹೇಳಿದರೆ ಬೆರಳು ಏನು ಮಾಡುತ್ತವೆ ಎಂದು ಕಂಡವರು ನಾವು ಮೂವರು ಇದ್ದೆವು, ಕುಸುಮ, ನಾನು, ಮೂಗಯ್ಯ. ಕುಸುಮ ನನ್ನ ಪಕ್ಕ ಬಂದು ಕೂತು ನನ್ನ ಮೊಣಕಾಲು ಹಿಡಿದುಕೊಂಡಳು.

ಸಮನ್ವಿತಾ ಕುಕ್ಕರಗಾಲಲ್ಲಿ ಕೂತು ಗ್ಲೌಸು ಒಡ್ಡಿದಳು. ಸಂಜಯ ಬ್ಯಾಟು ಎತ್ತಿದ. ಮೂಗಯ್ಯ ಬಗ್ಗಿದರು. ಯಾರೂ ಏನನ್ನೂ ಎಸೆಯಲಿಲ್ಲ. ಎಲ್ಲರೂ ಕಾದರು.

ಮೈದಾನದ ಪಕ್ಕದ ರಸ್ತೆಯಲ್ಲಿ ಸ್ಕೂಟರುಗಳು ಓಡಾಡುತ್ತಿದ್ದವು, ಯಾರೋ ತರಕಾರಿ ಕೂಗುತ್ತಿದ್ದರು. ನೆರಳು ಉದ್ದವಾಯಿತು. ಆಮೇಲೆ ಆ ಸದ್ದುಗಳೆಲ್ಲ ಒಂದೊಂದಾಗಿ ದೂರ ಸರಿದವು. ನಿಂತವು ಎನ್ನಲಾರೆ. ನೀರಿನೊಳಗಿಂದ ಕೇಳಿದ ಹಾಗೆ ಆದವು. ಉಳಿದದ್ದು ಮೇಲಿನ ಗುಂಯ್ ಒಂದೇ. ಗಗನಳ ತೋಳು ಪೂರಾ ಮೇಲೆದ್ದು ನಿಂತಿತು. ಅವಳ ಹಿಮ್ಮಡಿ ನೆಲ ಬಿಟ್ಟಿತು. ಕುಸುಮ ಏಳಹೋದಳು. ನಾನು ಹಿಡಿದುಕೊಂಡೆ.

ಗುಂಯ್ ನಿಂತಿತು.

ಆಮೇಲೆ ಇಳಿಯುವ ಸುಯ್ಯಿ. ಸಣ್ಣಗೆ, ಆಮೇಲೆ ದಪ್ಪಗೆ, ಆಮೇಲೆ ನನ್ನ ಕಿವಿಯ ಪಕ್ಕದಲ್ಲೇ ಬಟ್ಟೆ ಹರಿದ ಹಾಗೆ. ನಾನು ಕಣ್ಣು ಕಿರಿದು ಮಾಡಿ ನೋಡಿದೆ. ನನಗೆ ಏನೂ ಕಾಣಲಿಲ್ಲ. ಮೂಗಯ್ಯನವರ ಜಾಲರಿ ಕಟ್ಟಿದ ಮುಖ ಮಾತ್ರ, ಏನನ್ನೋ ಹಿಂಬಾಲಿಸುವ ಹಾಗೆ, ಮೇಲಿನಿಂದ ಕೆಳಕ್ಕೆ ಒಂದೇ ಸಮನೆ ಇಳಿದು ಬಂದದ್ದು ಕಂಡಿತು.

ಧೊಪ್.

ಗ್ಲೌಸಿನಿಂದ ಧೂಳೆದ್ದಿತು. ಸಮನ್ವಿತಾ ಹಿಂದಕ್ಕೆ ಕೂತುಬಿಟ್ಟಳು. ಸಂಜಯ ಬ್ಯಾಟು ಎತ್ತಿದ ಹಾಗೇ ನಿಂತಿದ್ದ. ಎಲ್ಲರೂ ಅಂಪೈರನ್ನು ನೋಡಿದರು.

ಮೂಗಯ್ಯ ಸುಮ್ಮನಿದ್ದರು. ಯಾವಾಗಲೂ ಇರುತ್ತಿದ್ದದ್ದಕ್ಕಿಂತ ಹೆಚ್ಚು ಹೊತ್ತು ಸುಮ್ಮನಿದ್ದರು. ಗಗನ ತುದಿಗಾಲಲ್ಲಿ ತೂಗುತ್ತಾ ಅವರನ್ನೇ ನೋಡುತ್ತಿದ್ದಳು. "ಸ್ಟ್ರೈಕ್ ಅನ್ನಿ" ಎಂದು ದೊರೆಸ್ವಾಮಿಯವರು ಬಾಯೊಳಗೇ ಹೇಳಿದ್ದು ಮರದವರೆಗೂ ಕೇಳಿಸಿತು.

"ಬಾಲ್" ಎಂದರು ಮೂಗಯ್ಯ.

ಕಿರುಬೆರಳು ಮೊದಲು ಬಿಡಿಸಿಕೊಂಡಿತು. ಆಮೇಲೆ ಪಕ್ಕದ್ದು, ಆಮೇಲೆ ಉಳಿದವು. ತೋಳು ಧಡಕ್ಕನೆ ಕೆಳಗೆ ಬಿತ್ತು, ಅವಳ ಹಿಮ್ಮಡಿ ನೆಲಕ್ಕೆ ತಾಗಿತು. ಕುಸುಮ ಓಡಿಹೋಗಿ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಉಜ್ಜಿ, ಕೆನ್ನೆಗೆ ಒತ್ತಿಕೊಂಡು, "ಬಿಸಿ ಅದೆ, ಬಿಸಿ ಅದೆ" ಎಂದು ನನ್ನ ಕಡೆ ತಿರುಗಿ ಹೇಳಿದಳು.

ಸಮನ್ವಿತಾ ಗ್ಲೌಸು ಕೊಡವಿದಳು. ಚೆಂಡು ಹುಲ್ಲಿಗೆ ಬಿದ್ದು ಸ್ವಲ್ಪ ಉರುಳಿ ನಿಂತಿತು. ಉರುಳಿದ ಉದ್ದಕ್ಕೂ ಹುಲ್ಲು ಒದ್ದೆಯಾಯಿತು. ಅದನ್ನು ಎತ್ತಿಕೊಳ್ಳಲು ಯಾರೂ ಬಗ್ಗಲಿಲ್ಲ. ಸ್ವೆಟರಿನ ಹುಡುಗ ಮೂರನೇ ಬೇಸಿನಿಂದ ನಿಧಾನವಾಗಿ ನಡೆದು ಬಂದು, ಚೆಂಡಿಗೆ ದೂರವಾಗಿ ಬಳಸಿಕೊಂಡು, ಹಲಗೆಯನ್ನು ಮೆಟ್ಟಿದ. ಒಂಟಿಕೊಪ್ಪಲು ಗೆದ್ದಿತು. ಅವರ ಮಕ್ಕಳೂ ಕೂಗಲಿಲ್ಲ.

ಗಗನ ತನ್ನ ಅಂಗೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡಳು. ಅಮ್ಮನ ಹಿಡಿತದಿಂದ ಬಿಡಿಸಿಕೊಂಡು ನೇರ ಮೂಗಯ್ಯನವರ ಮುಂದೆ ಬಂದು ನಿಂತಳು.

"ಎಲ್ಲಿ ಸರ್ ಬಾಲ್? ಒಳಗೇ ಬಂತು."

"ಆಚೆ ಅಂಚು ಕಣಮ್ಮ. ಒಂದು ಬೆರಳಷ್ಟು ಆಚೆ."

"ನಿಮಗೆ ಕಾಣಿಸಿಲ್ಲ. ಯಾರಿಗೂ ಕಾಣಿಸಿಲ್ಲ."

"ನನಗೆ ಕಾಣಿಸ್ತು."

"ಸುಳ್ಳು. ತುಮಕೂರಿಗೆ ಹೋಗೋದು ತಪ್ಪೋಯ್ತು ನಿಮ್ಮಿಂದ" ಎಂದು ಅತ್ತಳು. ಬೂಟಿನಿಂದ ಮಣ್ಣು ಒದ್ದಳು. ಎಸೆತದ ಬಗ್ಗೆ ಎದುರಾಡಿದ ಮಕ್ಕಳನ್ನು ಮೂಗಯ್ಯ ಒಡನೆ ಹೊರಗೆ ಕೂರಿಸುವವರು. ಅಂದು ಜಾಲರಿ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು ನಿಂತೇ ಇದ್ದರು. ಅವರ ಮುಖವೆಲ್ಲ ಬೆವರು.

"ಇಷ್ಟು ಒಳಗೆ ಬಂತು, ಇಷ್ಟು" ಎಂದು ಗಗನ ಹೆಬ್ಬೆರಳು ತೋರುಬೆರಳು ಅಗಲಿಸಿ ಅವರ ಮುಖಕ್ಕೆ ಹಿಡಿದಳು. ಬಲಗೈಯದೇ ಬೆರಳು.

ಮೂಗಯ್ಯ ಆ ಬೆರಳುಗಳನ್ನೇ ನೋಡುತ್ತಾ, "ಹೇಳಮ್ಮ" ಎಂದರು. "ಇನ್ನೂ ಹೇಳು."